ಕೂಸಿನ ಕಿವಿಯಲ್ಲಿ ಲ್ಯಾಟಿನ್

ಹದಿನೆಂಟು ವರ್ಷದ ಹಿಂದೆ, ರೋಣದ ಮನೆಯ ಹಿತ್ತಲಲ್ಲಿ, ಅರ್ಧ ತಿಂದ ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಸೋಮನಾಥ ತನ್ನ ಅಕ್ಕ ಸಂಗವ್ವನಿಗೆ ಒಂದು ಮಾತು ಕೊಟ್ಟಿದ್ದ.

ಅವರ ಅಣ್ಣನ ಮಗಳ ತೊಟ್ಟಿಲ ಕಾರ್ಯ ಮುಗಿದು ಮೂರನೇ ದಿನ ಅದು. ಆ ಕಡೆಯ ಪದ್ಧತಿಯಂತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿ "ಕುರ್ರ್" ಎಂದು ಹೆಸರು ಉಸುರುವಾಗ ಸುತ್ತ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಯಾರೂ ಕೇಳುವುದಿಲ್ಲ, ಗುದ್ದುವ ಸುಖಕ್ಕೆ ಕಾರಣ ಬೇಕಿಲ್ಲ. ಸಂಗವ್ವ ಬಸಲಿಂಗವ್ವ ಎಂದು ಉಸುರಿ ಹದಿನಾಲ್ಕು ಗುದ್ದು ತಿಂದಿದ್ದಳು. ಮೂರನೇ ದಿನ ಅತ್ತಿಗೆ ಹೋಗಿ ಸರ್ಕಾರಿ ಕಾಗದದಲ್ಲಿ ಸ್ಪಂದನಾ ಎಂದು ಬರೆಸಿಕೊಂಡು ಬಂದಳು.

"ಗುದ್ದು ತಿಂದಾಕಿ ನಾನು, ಹೆಸರು ಇಟ್ಟಾಕಿ ಆಕಿ" ಎಂದು ಸಂಗವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು.

"ಅಳಬ್ಯಾಡಬೇ ಯಕ್ಕಾ" ಎಂದ ಹದಿನಾರರ ಸೋಮನಾಥ. "ನನ್ನ ಮೊದಲನೇ ಕೂಸಿನ ಕಿವ್ಯಾಗ ನೀ ಏನ್ ಉಸುರ್ತಿ, ಕಾಗದದಾಗೂ ಅದ ಹೆಸರು ಇರ್ತದ. ಒಂದಕ್ಷರ ಬದಲಾದ್ರ ನಾ ನಿನ್ನ ತಮ್ಮನ ಅಲ್ಲ."

ಹೋಳಿಗೆ ತಿನ್ನುತ್ತ ಕೊಡುವ ಮಾತು ಕೇಳಲು ಬಹಳ ಸಿಹಿಯಾಗಿರುತ್ತದೆ. ತೀರಿಸುವ ದಿನ ಬಂದದ್ದು ಈ ಭಾನುವಾರ, ಬೆಂಗಳೂರಿನ ಅಲ್ಲಾಳಸಂದ್ರದಲ್ಲಿ.

ಈಗ ಸೋಮನಾಥ ಯಲಹಂಕದ ಕಡೆಯ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದ ಮಕ್ಕಳ ಕಣ್ಣೀರು ದಿನವೂ ನೋಡುವವನು. ಮಗಳಿಗೆ ಒಂದೂವರೆ ತಿಂಗಳು. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಅರ್ಜಿಯನ್ನು ದುಂಡಗೆ ತುಂಬಿ, ಹೆಸರಿನ ಜಾಗ ಒಂದನ್ನು ಮಾತ್ರ ಖಾಲಿ ಬಿಟ್ಟು, ದೇವರ ಗೂಡಿನಲ್ಲಿಟ್ಟಿದ್ದ. ಒಂದೇ ತೊಂದರೆ. ಅಕ್ಕನಿಗೆ ಕೊಟ್ಟ ಮಾತಿನ ವಿಷಯ ಅವನು ಹೆಂಡತಿ ಸ್ಮಿತಾಗೆ ಹೇಳಿರಲಿಲ್ಲ. ಸರಿಯಾದ ಹೊತ್ತು ನೋಡಿ ಹೇಳಬೇಕು ಎಂದುಕೊಂಡಿದ್ದ. ಮದುವೆಯಾಗಿ ನಾಲ್ಕು ವರ್ಷವಾದರೂ ಆ ಹೊತ್ತು ಬಂದಿರಲಿಲ್ಲ.

ಸ್ಮಿತಾ ಪ್ರೈಮರಿ ಶಾಲೆಯ ಟೀಚರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ಅವಳ ತರಗತಿಯಲ್ಲಿ "ಆದ್ಯಾ" ಎಂದು ಕರೆದರೆ ಆರು ಹುಡುಗಿಯರು ಎದ್ದು ನಿಲ್ಲುತ್ತಾರೆ. ಅವಳೇ ಓದುವಾಗ ನಾಲ್ಕು ಜನ ಸ್ಮಿತಾಗಳ ನಡುವೆ ಹತ್ತು ವರ್ಷ "ಸ್ಮಿತಾ ಎರಡು" ಆಗಿದ್ದವಳು. ಮಗಳ ಹೆಸರು ಇಡೀ ಯಲಹಂಕದಲ್ಲಿ ಇನ್ನೊಂದು ಇರಬಾರದು ಎಂಬುದು ಅವಳ ಹಟ. ಮೇಲಿನ ಮನೆಯ ಮೋನಿಷಾ ಬಂದು, "ಸಂಸ್ಕೃತ ಎಲ್ಲಾ ಮುಗ್ದೋಯ್ತು ಸ್ಮಿತಾ, ಈಗ ಲ್ಯಾಟಿನ್ನು. ಸಾಫ್ಟಾಗಿರುತ್ತೆ, ಕ್ಲಾಸಾಗಿರುತ್ತೆ" ಎಂದು ಹೇಳಿ ಇಪ್ಪತ್ತೆರಡು ಹೆಸರಿನ ಪಟ್ಟಿ ಕೊಟ್ಟು ಹೋಗಿದ್ದಳು. ತನ್ನ ಮಗನ ತೊಟ್ಟಿಲನ್ನೂ ಎರವಲು ಕೊಟ್ಟಿದ್ದಳು.

ಬೆಳಗ್ಗೆ ಎಂಟಕ್ಕೆ ಸಂಗವ್ವನ ಫೋನು ಬಂತು.

"ಸೋಮ್ಯಾ, ರೈಲು ತುಮಕೂರಿನ ಹಿಂದ ನಿಂತಬಿಟ್ಟೈತಿ. ಹನ್ನೆರಡು ಆಗ್ತೈತಂತ. ಮಾತು ನೆನಪೈತಿಲ್ಲೋ?"

"ಐತಬೇ, ಐತಿ" ಎಂದು ಸೋಮನಾಥ ಬಚ್ಚಲುಮನೆಯೊಳಗಿಂದ ಪಿಸುಗುಟ್ಟಿದ. ಅಕ್ಕ ಉಸುರುವುದು ತೀರಿಹೋದ ಅವ್ವನ ಹೆಸರನ್ನೇ, ಹೊನ್ನವ್ವ ಎಂದೇ, ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಮಧ್ಯಾಹ್ನದೊಳಗೆ ಸ್ಮಿತಾಳ ತಲೆಯಿಂದ ಲ್ಯಾಟಿನ್ ಇಳಿಯಬೇಕು. ಇಳಿಯದಿದ್ದರೆ ಅಕ್ಕ ಹೋದಳು, ಇಳಿಸುವಾಗ ಸಿಕ್ಕಿಬಿದ್ದರೆ ಹೆಂಡತಿ ಹೋದಳು. ಅವನು ಬಚ್ಚಲುಮನೆಯಲ್ಲೇ ಕೂತು ಫೋನಿನಲ್ಲಿ ಲ್ಯಾಟಿನ್ ಹೆಸರುಗಳ ಅರ್ಥ ತೆರೆದ. ಕ್ಲಾರಾ ಎಂದರೆ ಬೆಳಕು, ಸ್ಟೆಲ್ಲಾ ಎಂದರೆ ನಕ್ಷತ್ರ. ಅವನ್ನು ಕಂಡೂ ಕಾಣದವನಂತೆ, ಸಾಲ ಕೊಟ್ಟವನನ್ನು ರಸ್ತೆಯಲ್ಲಿ ದಾಟಿಹೋಗುವ ಹಾಗೆ, ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿದ. ಕೆಳಗೆ ಅವನಿಗೆ ಬೇಕಾದದ್ದು ಸಿಕ್ಕಿತು.

ಹೊರಗೆ ಬಂದು ಮುಖ ಒರೆಸಿಕೊಳ್ಳುತ್ತ, ಏನೂ ಗೊತ್ತಿಲ್ಲದವನಂತೆ ಕೇಳಿದ. "ಯಾವ ಹೆಸರು ಅಂತ ಮಾಡಿದೀಯ?"

"ಕ್ಲಾಡಿಯಾ ಹೆಂಗಿದೆ ರೀ?"

"ಚೆನ್ನಾಗಿದೆ. ಅರ್ಥ ಕುಂಟಿ ಅಂತ."

ಸ್ಮಿತಾ ಫೋನು ಇಸಿದುಕೊಂಡು ನೋಡಿದಳು. ನಿಜ. "ಸರಿ, ಸಿಸಿಲಿಯಾ."

"ಕುರುಡಿ."

"ಪೋರ್ಶಿಯಾ?"

"ಹಂದಿ. ಹಂದಿ ಸಾಕೋರ ಮನೆತನ. ನಾಳೆ ಸ್ಕೂಲಿನಲ್ಲಿ ಯಾರಾದ್ರೂ ಅರ್ಥ ಕೇಳಿದ್ರೆ ಏನ್ ಹೇಳ್ತೀಯ?"

ಇಷ್ಟಕ್ಕೇ ನಿಂತಿದ್ದರೆ ವಿಷಯ ಮನೆಯೊಳಗೇ ಇರುತ್ತಿತ್ತು. ಆದರೆ ಅದೇ ಹೊತ್ತಿಗೆ ಮನೆಯ ಒಡತಿ ಮುನಿಕೃಷ್ಣಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಈ ಕೇರಿಯಲ್ಲಿ ಹೊಲಗಳಿದ್ದ ಕಾಲದಿಂದ ಇದ್ದವಳು. ಬಾಡಿಗೆದಾರರ ಮನೆಯ ಕಾರ್ಯವೆಂದರೆ ತನ್ನ ಮನೆಯದೇ ಎಂದುಕೊಂಡು ಬೆಳಗಿನ ಜಾವವೇ ರಾಗಿಕಲ್ಲಿನಂತೆ ಬಂದು ಕೂರುವವಳು.

"ಏನಪ್ಪಾ, ಎಸ್ರು ಕಟ್ತಾ ಇದೀರಾ? ನಂಗೂ ವಸಿ ಯೋಳ್ರಿ."

"ಫೇಬಿಯಾ ಅಂತ ಒಂದಿದೆ ಆಂಟಿ" ಎಂದಳು ಸ್ಮಿತಾ, ಗಂಡ ಬಾಯಿ ತೆರೆಯುವ ಮೊದಲು.

"ಅವರೆಕಾಯಿ" ಎಂದ ಸೋಮನಾಥ.

"ಆ?"

"ಆ ಹೆಸರಿನ ಅರ್ಥ ಅವರೆಕಾಯಿ ಅಂತ, ಮುನಿಕೃಷ್ಣಮ್ಮನೋರೇ."

ಮುನಿಕೃಷ್ಣಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ ಸಿವನೇ! ಅವ್ರೂ ಅವರೆಕಾಯಿ ತಿಂತಾರಾ? ನಮ್ ಒಲ್ದಲ್ಲಿ ಮೂಟೆಗಟ್ಲೆ ಬೆಳೀತಿದ್ವಿ ಕಣಪ್ಪಾ. ಒಬ್ಬ ಮಗೀಗಾದ್ರೂ ಆ ಎಸ್ರು ಮಡಗ್ಬೇಕು ಅಂತ ಒಳೀಲೇ ಇಲ್ಲ ನೋಡು. ಇನ್ನೇನೈತೆ?"

"ಪೌಲಾ. ಅಂದ್ರೆ ಚಿಕ್ಕದು. ಚಿಕ್ಕಮ್ಮ ಅಂದಂಗೆ" ಎಂದ ಸೋಮನಾಥ.

"ಅಂಗಾರೆ ನಮ್ಮೆಜಮಾನ್ರು ಚಿಕ್ಕನುಮಯ್ಯನೂ ಲ್ಯಾಟಿನ್ನೇ?" ಎಂದು ಮುನಿಕೃಷ್ಣಮ್ಮ ಬಗ್ಗಿ ಮೆಟ್ಟಿಲ ಕೆಳಗೆ ಕೂಗಿದಳು. "ಇಲ್ ಬಾ, ನೀನು ರೋಮಿನೋನಂತೆ!"

ಚಿಕ್ಕಹನುಮಯ್ಯ ಬಂದ. ಅವನ ಹಿಂದೆ ಎದುರು ಮನೆಯ ರತ್ನಕ್ಕ, ಅವಳ ಹಿಂದೆ ಹೂವು ತಂದವರು, ಚಪಾತಿ ಲಟ್ಟಿಸಲು ಬಂದವರು. ಒಬ್ಬೊಬ್ಬರೂ ಪಟ್ಟಿಯಿಂದ ಒಂದೊಂದು ಹೆಸರು ಆರಿಸಿ ಸೋಮನಾಥನ ಕೈಯಲ್ಲಿ ಅರ್ಥ ಹೇಳಿಸುವುದು, ಗಿಳಿಶಾಸ್ತ್ರದವನ ಮುಂದೆ ಕೂತಂತೆ ನಗುವುದು ಶುರುವಾಯಿತು. ಸೋಮನಾಥನಿಗೂ ಹುರುಪು ಏರಿತು. ಇಷ್ಟು ಜನ ಅವನ ಮಾತನ್ನು ಕಿವಿಗೊಟ್ಟು ಕೇಳಿದ್ದು ಮರುಎಣಿಕೆಯ ಫಲಿತಾಂಶದ ದಿನ ಬಿಟ್ಟರೆ ಇದೇ ಮೊದಲು.

ಗದ್ದಲ ಕೇಳಿ ಮೋನಿಷಾ ಇಳಿದು ಬಂದಳು, ನಾಲ್ಕು ವರ್ಷದ ಮಗನ ಕೈ ಹಿಡಿದುಕೊಂಡು. "ಎಕ್ಸ್‌ಕ್ಯೂಸ್ ಮಿ ಸೋಮನಾಥ್, ಏನಿಷ್ಟು ಜೋಕು? ಅದು ನಾನು ರಿಸರ್ಚ್ ಮಾಡಿ ಕೊಟ್ಟಿರೋ ಲಿಸ್ಟು."

"ಮೋನಿಸಮ್ಮಾ, ನಿನ್ ಮಗಂದೂ ಇದೇ ಪೈಕಿ ಅಲ್ವಾ? ಅದೇನು, ಕಾಲ್ವಿನ್ನು?" ಎಂದಳು ಮುನಿಕೃಷ್ಣಮ್ಮ. "ಯೋಳಪ್ಪಾ, ಅದರರ್ತ ಏನು?"

ಸೋಮನಾಥ ಫೋನು ನೋಡಿದ. ನೋಡಿದವನು ತಟ್ಟನೆ ಫೋನನ್ನು ಬೋರಲು ಹಾಕಿದ. "ನೆಟ್‌ವರ್ಕ್ ಇಲ್ಲ" ಎಂದ.

ರತ್ನಕ್ಕ ಮೆಲ್ಲಗೆ ಫೋನು ಎತ್ತಿಕೊಂಡು, ಕನ್ನಡಕ ಏರಿಸಿ, ಪಂಚಾಂಗ ಓದುವ ದನಿಯಲ್ಲಿ ಓದಿದಳು. "ಬೋಳು ತಲೆಯವನು."

ಎಲ್ಲರ ಕಣ್ಣೂ ಆ ಹುಡುಗನ ತಲೆಯತ್ತ ತಿರುಗಿದವು. ಹೋದ ವಾರವಷ್ಟೇ ಅವನಿಗೆ ತಿರುಪತಿಯಲ್ಲಿ ಮುಡಿ ಕೊಡಿಸಿಕೊಂಡು ಬಂದಿದ್ದರು. ಗಂಧ ಬಳಿದ ತಲೆ ಟ್ಯೂಬ್‌ಲೈಟಿನ ಕೆಳಗೆ ಹೊಸ ಸ್ಟೀಲ್ ಚೊಂಬಿನಂತೆ ಮಿಂಚುತ್ತಿತ್ತು. ನಗಬಾರದೆಂದು ಚಿಕ್ಕಹನುಮಯ್ಯ ಬಾಯಿಗೆ ಟವೆಲ್ ತುರುಕಿಕೊಂಡ. ಟವೆಲ್ ಸಾಲಲಿಲ್ಲ.

ಮೋನಿಷಾ ಮಗನ ಕೈ ಬಿಟ್ಟು ಮುಂದೆ ಬಂದಳು. ತೊಟ್ಟಿಲಿನಿಂದ ಮಗುವನ್ನು ಎತ್ತಿ ಸ್ಮಿತಾಳ ಮಡಿಲಿಗೆ ಕೊಟ್ಟಳು. ಕಟ್ಟಿದ್ದ ಹೂವನ್ನು ಬಿಚ್ಚಿ ಟೀಪಾಯಿ ಮೇಲಿಟ್ಟಳು. ತೊಟ್ಟಿಲನ್ನು ದರದರನೆ ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಅದು "ಢಣ್" ಎನ್ನುತ್ತಿತ್ತು.

"ನೋಡಿದ್ರಾ?" ಎಂದಳು ಸ್ಮಿತಾ. "ನಾಮಕರಣದ ದಿನ ತೊಟ್ಟಿಲಿಲ್ಲ. ಇನ್ನು ಸಾಕು. ಲಿಸ್ಟು ಗಿಸ್ಟು ಬೇಡ. ನನ್ನ ಮನಸ್ಸಲ್ಲಿ ಮೊದಲಿಂದ ಇರೋದು ಒಂದೇ ಹೆಸರು. ಎಲ್ಲಿ ಕೇಳಿದ್ನೋ ನೆನಪಿಲ್ಲ, ಕೇಳಿದಾಗ ಜೀವಕ್ಕೆ ತಂಪು ಅನ್ನಿಸಿತ್ತು. ಉರ್ಸುಲಾ. ಇದಕ್ಕೆ ಮಾತ್ರ ಏನೂ ಹೇಳ್ಬೇಡಿ."

ಸೋಮನಾಥ ಏನೂ ಹೇಳದೆ ಇರಬಹುದಾಗಿತ್ತು. ಫೋನನ್ನು ಜೇಬಿಗಿಟ್ಟು, ತೊಟ್ಟಿಲು ಹುಡುಕಲು ಹೋಗಬಹುದಾಗಿತ್ತು. ಆದರೆ ಗಡಿಯಾರ ಹನ್ನೊಂದು ತೋರಿಸುತ್ತಿತ್ತು, ರೈಲು ತುಮಕೂರಿನ ದಾರಿಯಲ್ಲೋ ಚಿಕ್ಕಬಾಣಾವರದ ದಾರಿಯಲ್ಲೋ ಬರುತ್ತಲೇ ಇತ್ತು. ಅವನು ನೋಡಿದ. ಕೆಮ್ಮಿದ.

"ಕರಡಿಮರಿ" ಎಂದ.

ಬೇರೆ ಮಗುವಾಗಿದ್ದರೆ ಚಿಂತೆಯಿರಲಿಲ್ಲ. ಈ ಮಗುವಿಗೆ ಹುಟ್ಟುವಾಗಲೇ ಹಣೆ ಮುಚ್ಚುವಷ್ಟು ಕೂದಲು, ಭುಜ ಬೆನ್ನಿನ ಮೇಲೆ ನುಣುಪಾದ ಕರಿ ರೋಮ. ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಮುನಿಕೃಷ್ಣಮ್ಮನ ಕೈ ಸೋತಿತ್ತು. ಮಡಿಲಲ್ಲಿದ್ದ ಕೂಸು ಅದೇ ಕ್ಷಣಕ್ಕೆ ಎರಡೂ ಮುಷ್ಟಿ ಎತ್ತಿ, ಮೂಗು ಅರಳಿಸಿ, ದೊಡ್ಡದಾಗಿ ಆಕಳಿಸಿತು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಚಪಾತಿಯವಳು ಲಟ್ಟಣಿಗೆ ಹಿಡಿದುಕೊಂಡೇ ನೆಲಕ್ಕೆ ಕೂತಳು. "ನಮ್ ಕರಡಮ್ಮಾ!" ಎಂದು ಮುನಿಕೃಷ್ಣಮ್ಮ ಮಗುವಿನ ಗಲ್ಲ ಹಿಡಿದಳು.

ಸ್ಮಿತಾ ಅತ್ತಳು. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ಮಾಡಿ. ಎಲ್ಲರನ್ನೂ ಹೊರಗೆ ಕಳಿಸಿ ಸೋಮನಾಥ ಪಕ್ಕದಲ್ಲಿ ಕೂತ. ಅವನಿಗೂ ಇದು ಅತಿಯಾಯಿತು ಅನ್ನಿಸಿತು, ಆದರೆ ಗೆಲ್ಲುವ ಹಂತದಲ್ಲಿ ಅನ್ನಿಸಿದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

"ಹೊನ್ನವ್ವ ಅಂತ ಇಡೋಣ್ವಾ? ನಮ್ಮವ್ವನ ಹೆಸರು" ಎಂದ ಮೆತ್ತಗೆ.

ಸ್ಮಿತಾ ಹೊನ್ನವ್ವ, ಹೊನ್ನಾ, ಎಂದು ಎರಡು ಸಲ ಬಾಯೊಳಗೇ ಹೊರಳಿಸಿ ನೋಡಿದಳು. "ಕಾಗದದಲ್ಲಿ ಹೊನ್ನವ್ವ ಇರ್ಲಿ, ಕರೆಯೋಕೆ ಹೊನ್ನಾ ಅಂದ್ರೆ ಪರವಾಗಿಲ್ಲ. ನಮ್ಮ ಸ್ಕೂಲಲ್ಲಿ ಒಂದೂ ಇಲ್ಲ." ಮೂಗು ಒರೆಸಿಕೊಂಡಳು. "ಆದ್ರೆ ಇನ್ನೊಂದು ಹೆಸರು ಇದೆಯಲ್ಲ, ಅದನ್ನ ಇನ್ಮೇಲೆ ಈ ಮನೇಲಿ ಯಾರೂ ಎತ್ತಬಾರದು. ನನ್ನ ಮಗೂನ ನೋಡಿ ಹೆಂಗ್ ನಕ್ರು ಎಲ್ಲಾ! ಮಾತು ಕೊಡಿ."

"ಕೊಟ್ಟೆ" ಎಂದ ಸೋಮನಾಥ. ಮಾತು ಕೊಡುವುದು ಅವನಿಗೆ ಮೊದಲಿಂದಲೂ ಸಲೀಸು.

ಚಿಕ್ಕಹನುಮಯ್ಯನ ಅಟ್ಟದಲ್ಲಿ ಒಂದು ಮರದ ತೊಟ್ಟಿಲಿತ್ತು. ಅದರೊಳಗಿದ್ದ ಹಳೆಯ ಪಂಪ್‌ಸೆಟ್ಟಿನ ಭಾಗಗಳನ್ನೂ ಎರಡು ಹಲ್ಲಿಗಳನ್ನೂ ಇಳಿಸಿ, ತೊಳೆದು, ಒರೆಸಿ ಹೊತ್ತು ತಂದಾಗ ಸೋಮನಾಥನ ಹೊಸ ಅಂಗಿ ಹಳೆಯದಾಗಿತ್ತು. ಅದೇ ಅಂಗಿಯಲ್ಲಿ ಆಟೋ ಹತ್ತಿ ಯಶವಂತಪುರಕ್ಕೆ ಹೋದ. ಹನ್ನೆರಡರ ರೈಲು ಒಂದೂಕಾಲಿಗೆ ಬಂತು. ಸಜ್ಜೆ ರೊಟ್ಟಿಯ ಗಂಟು ಹಿಡಿದು ಇಳಿದ ಸಂಗವ್ವ ತಮ್ಮನ ಅವತಾರ ನೋಡಿ, "ಯಾರರ ಹೊಡದ್ರೇನೋ?" ಎಂದಳು.

ವಾಪಸು ಬರುವಾಗ ಆಟೋ ಎಲ್ಲ ಸಿಗ್ನಲ್ಲಿನಲ್ಲೂ ನಿಂತಿತು. ಸೋಮನಾಥನಿಗೆ ಅದೂ ಸಂತೋಷವೇ.

"ಎಲ್ಲಾ ತಯಾರೈತಬೇ. ಅರ್ಜಿನೂ ಬರದಿಟ್ಟೀನಿ. ನೀ ಉಸುರಿದ ಕೂಡ್ಲೇ ಎಲ್ಲಾರ ಮುಂದ ಪೆನ್ನಿನಿಂದ ಬರೀತೀನಿ. ಸ್ಮಿತಾನೂ ಒಪ್ಪ್ಯಾಳ."

"ಖರೇನ ಒಪ್ಪಿದಳಾ?" ಸಂಗವ್ವನ ಮುಖ ಅರಳಿತು. "ಹೆಸರು ಯಾವ್ದಂತ ಕೇಳಂಗಿಲ್ಲೇನು?"

"ಕೇಳೂದಿಲ್ಲ. ಮಾತಂದ್ರ ಮಾತು."

"ಶಾಣ್ಯಾ ಆಗೀಯಪಾ" ಎಂದು ಅಕ್ಕ ಅವನ ಬೆನ್ನು ಸವರಿದಳು.

ಸಂಜೆ ನಾಲ್ಕೂವರೆಗೆ ರಾಹುಕಾಲ. ಮೂರೂ ಮುಕ್ಕಾಲಿಗೆ ಮಗುವನ್ನು ತೊಟ್ಟಿಲಿಗೆ ಹಾಕಿದರು. ಹಿಂದಿನ ಗೋಡೆಯ ಮೇಲೆ ಸ್ಮಿತಾ ಥರ್ಮೋಕೋಲ್ ಅಕ್ಷರ ಕತ್ತರಿಸಿ "ಹೊನ್ನಾ" ಎಂದು ಅಂಟಿಸಿ, ಅಕ್ಕ ಉಸುರುವುದೂ ಅದೇ ಎಂದು ಸೋಮನಾಥ ಹೇಳಿದ್ದನ್ನು ನಂಬಿ, ಸಂಗವ್ವನ ಕಣ್ಣಿಗೆ ಮೊದಲೇ ಬೀಳದಿರಲೆಂದು ಮೇಲೆ ಒಂದು ಶಾಲು ಇಳಿಬಿಟ್ಟಿದ್ದಳು. ಮೋನಿಷಾ ಕೂಡ ಬಂದಿದ್ದಳು. ಸಿಟ್ಟು ಸಿಟ್ಟಿನ ಜಾಗದಲ್ಲಿ, ಊಟ ಊಟದ ಜಾಗದಲ್ಲಿ.

ಸಂಗವ್ವ ಸೆರಗು ಹೊದ್ದು ಬಗ್ಗಿದಳು. "ಕುರ್ರ್" ಎಂದಳು. ಆ ಪದ್ಧತಿ ಕಂಡರಿಯದ ಮುನಿಕೃಷ್ಣಮ್ಮನಿಗೆ ಬೆಳಗ್ಗೆಯೇ ಹೇಳಿಕೊಟ್ಟಿದ್ದರು. ಅವಳು ರಾಗಿ ಕುಟ್ಟಿದ ಕೈಯಲ್ಲಿ ಗುದ್ದಿದ್ದಕ್ಕೆ ತೊಟ್ಟಿಲೂ ಅಲುಗಾಡಿತು. ರತ್ನಕ್ಕ ಗುದ್ದಿದಳು, ಮೋನಿಷಾ ಗುದ್ದಿದಳು. ಸಂಗವ್ವ ಒಂದೊಂದು ಗುದ್ದಿಗೂ ನಗುತ್ತ, ಮೂರು ಸಲ ಉಸುರಿ, ಎದ್ದು ನಿಂತು ಸೊಂಟ ಹಿಡಿದುಕೊಂಡಳು.

"ಏನಂತವ್ವಾ ಎಸ್ರು?"

ಸೋಮನಾಥ ಪೆನ್ನಿನ ಮುಚ್ಚಳ ತೆಗೆದ. ಸ್ಮಿತಾ ಶಾಲಿನ ತುದಿ ಹಿಡಿದು ನಿಂತಳು.

"ಉರ್ಸುಲಾ" ಎಂದಳು ಸಂಗವ್ವ.

ಅದೇ ಗಳಿಗೆಗೆ ಶಾಲು ಜಾರಿ ಬಿತ್ತು. ಇನ್ನೊಂದು ಗುದ್ದಿಗೆ ಎತ್ತಿದ್ದ ಮುನಿಕೃಷ್ಣಮ್ಮನ ಕೈ ಎತ್ತಿದಲ್ಲೇ ಇತ್ತು.

"ಯಾಕ ಎಲ್ಲಾರೂ ಬೆಪ್ಪಾಗಿ ನಿಂತ್ರಿ?" ಎಂದಳು ಸಂಗವ್ವ. "ಹೆರಿಗಿಗಂತ ನಾ ಬಂದಾಗ ಕಂಡ ಆಸ್ಪತ್ರ್ಯಾಗಿನ ನರ್ಸಬಾಯಿ ಹೆಸರು. ಮಂಗಳೂರು ಕಡೆಯಾಕಿ. ಕೂಸು ಹುಟ್ಟಿದಾಗ ಅಳಲಿಲ್ಲ, ಮೈ ನೀಲಿ ಆಗಿತ್ತು. ಇಂವ ಹೆಬ್ಬಾಳದ ಬ್ರಿಜ್ಜಿನ ಮ್ಯಾಲೆ ಟ್ರಾಫಿಕ್ಕಿನ್ಯಾಗ ಇದ್ದ. ಆಕಿ ಕೂಸಿನ್ನ ಬೋರಲ ಹಾಕ್ಕೊಂಡು ಬೆನ್ನು ತಟ್ಟಿ ತಟ್ಟಿ ಉಸಿರು ತರಿಸಿದ್ಳು. ಈ ಸ್ಮಿತಾ ಎಚ್ಚರಿಲ್ಲದ ಹೊತ್ತಿನ್ಯಾಗೂ ‘ಉರ್ಸುಲಾ ಸಿಸ್ಟರ್, ಉರ್ಸುಲಾ ಸಿಸ್ಟರ್’ ಅಂತ ಆಕಿ ಕೈ ಬಿಟ್ಟಿರಲಿಲ್ಲ. ಅವತ್ತ ಮನಸಿನ್ಯಾಗ ಅನ್ಕೊಂಡೆ. ಅವ್ವನ ಹೆಸರು ಇಟ್ರ ಹಳೇದು ಅಂತ ಬದಲ ಮಾಡ್ತಾರ. ಇದನ್ನ ಯಾರು ಬದಲ ಮಾಡ್ತಾರ ನೋಡೂಣು ಅಂತ."

ಸ್ಮಿತಾ ಗೋಡೆಗೆ ಒರಗಿದಳು. ಎಲ್ಲಿ ಕೇಳಿದ್ದು ಎಂದು ಅವಳಿಗೆ ಈಗ ನೆನಪಾಯಿತು.

"ಅರ್ಥನೂ ಭಾಳ ಛಲೋನ ಇರಬೇಕು" ಎಂದು ಸಂಗವ್ವ ತಮ್ಮನ ಕಡೆ ನೋಡಿದಳು. ಬೆಳಗ್ಗೆಯೆಲ್ಲ ಅರ್ಥ ಹೇಳಿದ್ದ ಪಂಡಿತ ನೆಲ ನೋಡಿದ.

"ಕರಡಿಮರಿ ಕಣವ್ವಾ" ಎಂದಳು ಮುನಿಕೃಷ್ಣಮ್ಮ, ತಡೆಯಲಾರದೆ. "ಇವ್ರೇ ಯೋಳಿದ್ದು. ನಕ್ಕೂ ನಕ್ಕೂ ಸಾಕಾಯ್ತು."

"ಕಂಗ್ರಾಟ್ಸ್ ಸೋಮನಾಥ್" ಎಂದಳು ಮೋನಿಷಾ, ಜೇನಿನಂಥ ದನಿಯಲ್ಲಿ. "ನಮ್ಮ ಬೋಳನಿಗೆ ಒಬ್ಳು ಫ್ರೆಂಡ್ ಸಿಕ್ಳು."

"ಕರಡಿಮರಿ ಅಂತ ನಗಸಿದಾಂವ ನೀನಾ?" ಎಂದಳು ಸಂಗವ್ವ.

"ಅವರೇ ಅಕ್ಕಾ" ಎಂದಳು ಸ್ಮಿತಾ. "ಬೆಳಗ್ಗೆ ನಾನು ಹೇಳಿದ್ದೂ ಇದೇ ಹೆಸರು. ಬೀದಿ ಜನಾನೆಲ್ಲಾ ಸೇರಿಸ್ಕೊಂಡು ನಗಿಸಿ ಬಿಡಿಸಿದ್ರು. ಆ ಹೆಸರು ಇನ್ನು ಎತ್ತಲ್ಲ ಅಂತ ನಂಗೆ ಮಾತೂ ಕೊಟ್ರು."

"ನನಗ ಹದಿನೆಂಟು ವರ್ಷದ ಹಿಂದ ಮಾತು ಕೊಟ್ಟಾನ. ನಾ ಉಸುರಿದ್ದನ್ನ ಕಾಗದದಾಗ ಬರಸ್ತೀನಂತ."

"ಹೌದಾ?" ಸ್ಮಿತಾ ಗಂಡನ ಕಡೆ ತಿರುಗಿದಳು. "ಯಾವಾಗ ಹೇಳ್ಬೇಕು ಅಂತಿದ್ರಿ ನಂಗೆ?"

ಸರಿಯಾದ ಹೊತ್ತಿಗೆ ಕಾಯುತ್ತಿದ್ದೆ ಎಂದು ಹೇಳಲು ಇದು ಸರಿಯಾದ ಹೊತ್ತಲ್ಲ ಎಂದು ಸೋಮನಾಥನಿಗೆ ಹೊಳೆಯಿತು.

"ಬೀದಿ ಬಾಯಲ್ಲೆಲ್ಲಾ ಕರಡಮ್ಮ ಆಗ್ಹೋಯ್ತು. ಇನ್ನು ನಾನು ಆ ಹೆಸರು ಕೂಗಿ ನನ್ನ ಮಗಳನ್ನ ಹೆಂಗೆ ಕರೀಲಿ?" ಎಂದಳು ಸ್ಮಿತಾ. "ಹೊನ್ನವ್ವ ಅಂತಾನೇ ಬರೀರಿ."

ಸಂಗವ್ವ ಗುದ್ದು ಬಿದ್ದ ಬೆನ್ನನ್ನು ಗೋಡೆಗೆ ಕೊಟ್ಟು ಕೂತು, ರೊಟ್ಟಿಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಹದಿನೆಂಟು ವರ್ಷದ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಾಗ ಅವಳ ಮುಖ ಹೇಗಿತ್ತೋ ಹಾಗೇ ಇತ್ತು.

ಗಡಿಯಾರ ನಾಲ್ಕು ಇಪ್ಪತ್ತು ತೋರಿಸಿತು. ಸೋಮನಾಥ ಅರ್ಜಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಖಾಲಿ ಜಾಗದಲ್ಲಿ ದುಂಡಗೆ ಬರೆದ. ಉರ್ಸುಲಾ. ಸ್ಮಿತಾ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೆಟ್ಟಿಲ ಮೇಲೆ ಮುನಿಕೃಷ್ಣಮ್ಮ, ಕರಡಮ್ಮನಿಗೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ತನ್ನಿ ಎಂದು ಕೂಗುತ್ತಿದ್ದಳು.

ಅಕ್ಕನಿಗೆ ಕೊಟ್ಟ ಮಾತನ್ನು ಸೋಮನಾಥ ಉಳಿಸಿಕೊಂಡ.